ಡಿಸ್ಪ್ಯಾರಿಟಿ ಎಂದರೇನು, ಅದನ್ನು ಎಲ್ಲಿ ಬಳಸಬೇಕು

ವೇತನದ ವರದಿ, ಆರೋಗ್ಯ ಸಮೀಕ್ಷೆ, ನ್ಯಾಯಾಲಯದ ತೀರ್ಪು, ಶಿಕ್ಷಣದ ಅಂಕಿಅಂಶ, ಇವುಗಳಲ್ಲಿ ಯಾವುದನ್ನು ಇಂಗ್ಲಿಷಿನಲ್ಲಿ ಓದಲು ಹೊರಟರೂ ಡಿಸ್ಪ್ಯಾರಿಟಿ ಎಂಬ ಪದ ಬೇಗನೆ ಎದುರಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಬದಲಾಗಿ ವ್ಯತ್ಯಾಸ, ಅಂತರ, ಅಸಮಾನತೆ, ತಾರತಮ್ಯ ಎಂಬ ಪದಗಳಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸುವುದು ರೂಢಿಯಾಗಿದೆ. ಈ ನಾಲ್ಕೂ ಒಂದೇ ಮಾತನ್ನು ಹೇಳುವುದಿಲ್ಲ. ವ್ಯತ್ಯಾಸ ಎಂದಾಗ ಯಾರ ಮೇಲೂ ದೂರು ಇರುವುದಿಲ್ಲ. ತಾರತಮ್ಯ ಎಂದಾಗ ಯಾರೋ ಯಾರಿಗೋ ಅನ್ಯಾಯ ಮಾಡಿದ್ದಾರೆ ಎಂಬ ತೀರ್ಮಾನವೇ ಅದರೊಳಗೆ ಅಡಗಿರುತ್ತದೆ. ಇಂಗ್ಲಿಷಿನ ಡಿಸ್ಪ್ಯಾರಿಟಿ ಈ ಎರಡರ ನಡುವೆ ಎಲ್ಲೋ ನಿಂತಿದೆ, ಮತ್ತು ಆ ಜಾಗವನ್ನು ಸರಿಯಾಗಿ ಗುರುತಿಸದಿದ್ದರೆ ವರದಿಯನ್ನು ಓದುವವರೂ ಅನುವಾದಿಸುವವರೂ ಲೇಖಕರು ಹೇಳದೇ ಇರುವುದನ್ನು ಅವರ ಬಾಯಲ್ಲಿ ಇಟ್ಟಂತಾಗುತ್ತದೆ.

ಮೊದಲು ಅರ್ಥವನ್ನು ಸ್ಥೂಲವಾಗಿ ನೋಡೋಣ. ಹೋಲಿಸಲು ಯೋಗ್ಯವಾದ ಎರಡು ಅಥವಾ ಹೆಚ್ಚಿನ ಗುಂಪುಗಳನ್ನು, ವ್ಯಕ್ತಿಗಳನ್ನು ಅಥವಾ ಪ್ರದೇಶಗಳನ್ನು ಒಂದೇ ಅಳತೆಯಿಂದ ಅಳೆದಾಗ ಎದ್ದು ಕಾಣುವ ಅಂತರವೇ ಡಿಸ್ಪ್ಯಾರಿಟಿ. ಮರಕ್ಕೂ ಬಂಡೆಗೂ ಬೇಕಾದಷ್ಟು ವ್ಯತ್ಯಾಸವಿದೆ, ಆದರೆ ಅವುಗಳ ನಡುವೆ ಡಿಸ್ಪ್ಯಾರಿಟಿ ಇದೆ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಅವೆರಡೂ ಸಮನಾಗಿರಬೇಕೆಂಬ ನಿರೀಕ್ಷೆಯೇ ಎಲ್ಲಿಯೂ ಇಲ್ಲ. ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ ಸಿಗುತ್ತಿದ್ದರೆ ಅಲ್ಲಿ ಪದ ತಕ್ಷಣ ಹೊಂದಿಕೊಳ್ಳುತ್ತದೆ. ಹೀಗೆ ಸಮನಾಗಿರಬಹುದಿತ್ತು ಅಥವಾ ಹತ್ತಿರಹತ್ತಿರ ಇರಬಹುದಿತ್ತು ಎಂಬ ಒಂದು ಮೌನ ನಿರೀಕ್ಷೆ ಈ ಪದದ ಬೆನ್ನಿಗಿರುತ್ತದೆ. ಆ ನಿರೀಕ್ಷೆ ಏಕೆ ಸುಳ್ಳಾಯಿತು ಎಂಬ ಪ್ರಶ್ನೆಯನ್ನು ಪದ ಎತ್ತುತ್ತದೆ. ಉತ್ತರವನ್ನು ಮಾತ್ರ ಅದು ಕೊಡುವುದಿಲ್ಲ.

ಪದದ ಮೂಲವೂ ಇದಕ್ಕೆ ಪೂರಕವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಪಾರ್ ಎಂದರೆ ಸಮ, ಸರಿಸಾಟಿ. ಅದಕ್ಕೆ ನಿಷೇಧಾರ್ಥದ ಡಿಸ್ ಸೇರಿ ಅಸಮ ಎಂಬ ಅರ್ಥದ ಡಿಸ್ಪಾರ್ ಆಯಿತು. ಅಲ್ಲಿಂದ ಫ್ರೆಂಚ್ ದಾರಿಯಾಗಿ 16ನೆಯ ಶತಮಾನದ ನಡುಭಾಗದಲ್ಲಿ ಅದು ಇಂಗ್ಲಿಷಿಗೆ ಬಂದಿತು. ಅದೇ ಪಾರ್‌ನಿಂದ ಜೋಡಿ ಎಂಬರ್ಥದ ಪೇರ್, ಹೋಲಿಸು ಎಂಬರ್ಥದ ಕಂಪೇರ್, ಸಮತೆ ಎಂಬರ್ಥದ ಪ್ಯಾರಿಟಿ, ಸರೀಕ ಎಂಬರ್ಥದ ಪಿಯರ್ ಹುಟ್ಟಿವೆ. ಬ್ರಿಟನ್ನಿನ ಬಿರುದಾಂಕಿತ ಕುಲೀನರನ್ನು ಪಿಯರ್ ಎಂದು ಕರೆಯುವುದು ಈ ವಂಶಾವಳಿಯ ಒಂದು ಸಣ್ಣ ವ್ಯಂಗ್ಯ: ಅವರು ತಮ್ಮತಮ್ಮೊಳಗೆ ಸರೀಕರು, ಉಳಿದವರಿಗೆ ಮಾತ್ರ ಮೇಲಿನವರು. ಇನ್ನೂ ಸ್ವಾರಸ್ಯಕರವಾದ ನೆಂಟ ಡಿಸ್ಪ್ಯಾರೇಜ್. ಇಂದು ಅದರ ಅರ್ಥ ಹೀಗಳೆಯುವುದು. ಮೂಲದಲ್ಲಿ ಅದು ಅಂತಸ್ತಿಗೆ ತಕ್ಕುದಲ್ಲದ ಕಡೆ ಮದುವೆ ಮಾಡಿಕೊಡುವುದನ್ನು ಸೂಚಿಸುತ್ತಿತ್ತು. 1215ರ ಮ್ಯಾಗ್ನಾ ಕಾರ್ಟಾದ ಆರನೆಯ ಕಲಮು, ವಾರಸುದಾರರನ್ನು ಕೆಳಗಿನ ಅಂತಸ್ತಿನವರಿಗೆ ಮದುವೆ ಮಾಡಿಕೊಡಬಾರದು ಎಂಬ ನಿಯಮವನ್ನು ಇದೇ ಬೇರಿನ ಲ್ಯಾಟಿನ್ ಪದದಿಂದ ಹೇಳಿತ್ತು. ಸಮನಲ್ಲದ್ದು ಎಂಬ ಅಳತೆಯ ಮಾತು ಕೀಳು ಎಂಬ ಬೆಲೆಕಟ್ಟುವ ಮಾತಾಗಿ ಜಾರಿದ್ದು ಹೀಗೆ. ಡಿಸ್ಪ್ಯಾರಿಟಿ ಅಷ್ಟು ದೂರ ಜಾರಿಲ್ಲವಾದರೂ ಜಾರುವ ಒಲವು ಅದರಲ್ಲೂ ಇದೆ.

ಒಂದು ಬಲೆಯ ಬಗ್ಗೆ ಇಲ್ಲಿಯೇ ಎಚ್ಚರಿಸಬೇಕು. ಡಿಸ್ಪರೆಟ್ ಎಂಬ ಗುಣವಾಚಕವನ್ನು ಬಹಳ ಮಂದಿ ಡಿಸ್ಪ್ಯಾರಿಟಿಯದೇ ಇನ್ನೊಂದು ರೂಪವೆಂದು ಭಾವಿಸುತ್ತಾರೆ. ಅದರ ಮೂಲ ಬೇರೆ; ಬೇರ್ಪಡಿಸು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಅದು ಬಂದಿದೆ, ಮತ್ತು ಸಾಮಾನ್ಯ ಬಳಕೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಭಿನ್ನವಾದ ಎಂಬ ಅರ್ಥ ಕೊಡುತ್ತದೆ. ಇತಿಹಾಸ, ಗಣಿತ, ಸಂಗೀತ ಡಿಸ್ಪರೆಟ್ ವಿಷಯಗಳು. ಅವುಗಳಲ್ಲಿ ಮೇಲುಕೀಳಿನ ಮಾತಿಲ್ಲ. ಎರಡು ಪದಗಳ ಧ್ವನಿ ಹೋಲುವುದರಿಂದ ಅರ್ಥಗಳೂ ಶತಮಾನಗಳಿಂದ ಒಂದಕ್ಕೊಂದು ತಾಗುತ್ತ ಬಂದಿವೆ ಎಂಬುದು ನಿಜ, ಆದರೂ ಬರೆಯುವವರು ಇವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಉಚ್ಚಾರಣೆಯಲ್ಲೂ ಭೇದವಿದೆ: ಡಿಸ್ಪ್ಯಾರಿಟಿಯಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬಿದ್ದರೆ ಡಿಸ್ಪರೆಟ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದರ ಮೇಲೆ ಬೀಳುತ್ತದೆ.

ವ್ಯಾಕರಣ ಸರಳ. ಯಾರ ಯಾರ ನಡುವೆ ಎಂದು ಹೇಳುವಾಗ ಬಿಟ್ವೀನ್, ಯಾವ ವಿಷಯದಲ್ಲಿ ಎಂದು ಹೇಳುವಾಗ ಇನ್ ಬರುತ್ತದೆ. ಅಂತರ ಎಂಬ ಸ್ಥಿತಿಯನ್ನು ಒಟ್ಟಾಗಿ ಹೇಳುವಾಗ ಪದ ಏಕವಚನದಲ್ಲಿಯೂ, ಒಂದಕ್ಕಿಂತ ಹೆಚ್ಚು ಕಡೆ ಅಳೆದ ಅಂತರಗಳನ್ನು ಹೇಳುವಾಗ ಬಹುವಚನದಲ್ಲಿಯೂ ಇರುತ್ತದೆ. ಅದರ ಜೊತೆಗೆ ಬರುವ ಕ್ರಿಯಾಪದಗಳೆಲ್ಲ ಹಿಗ್ಗುವ, ಕುಗ್ಗುವ, ಮುಂದುವರಿಯುವ, ನಿವಾರಿಸುವ ಅರ್ಥದವು. ಡಿಸ್ಪ್ಯಾರಿಟಿಯನ್ನು ಯಾರಾದರೂ ಮಾಡಿದರು ಎಂದು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಭೇದಭಾವ ಎಂಬರ್ಥದ ಡಿಸ್ಕ್ರಿಮಿನೇಷನ್‌ಗೆ ಮಾಡುವವರೊಬ್ಬರು ಬೇಕು. ಡಿಸ್ಪ್ಯಾರಿಟಿ ಕರ್ತೃವಿಲ್ಲದೆಯೂ ವಾಕ್ಯದಲ್ಲಿ ನಿಲ್ಲಬಲ್ಲದು, ಮತ್ತು ಸರ್ಕಾರಿ ಕಡತಗಳಿಗೆ ಅದು ಅಷ್ಟೊಂದು ಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ನೆರೆಯ ಪದಗಳ ಪಕ್ಕದಲ್ಲಿಟ್ಟರೆ ಅದರ ಗಡಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಇನ್‌ಈಕ್ವಾಲಿಟಿ ಎಂಬುದು ಹೆಚ್ಚು ವಿಶಾಲವಾದ ಪದ. ಒಂದು ಸಮಾಜದ ಒಟ್ಟಾರೆ ವ್ಯವಸ್ಥೆ ಸಮನಾಗಿಲ್ಲ ಎಂಬುದನ್ನು ಅದು ಹೇಳುತ್ತದೆ. ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರ್ರಾಡೊ ಜಿನಿ 1912ರಲ್ಲಿ ರೂಪಿಸಿದ ಸೂಚ್ಯಂಕ ಆದಾಯದ ಇನ್‌ಈಕ್ವಾಲಿಟಿಯನ್ನು 0 ಮತ್ತು 1ರ ನಡುವಿನ ಒಂದೇ ಸಂಖ್ಯೆಯಾಗಿ ಕೊಡುತ್ತದೆ. ಎಲ್ಲರಿಗೂ ಒಂದೇ ಆದಾಯವಿದ್ದರೆ ಅದು 0. ಆ ಸಂಖ್ಯೆಯಲ್ಲಿ ಯಾರ ಯಾರ ನಡುವೆ ಎಂಬ ಮಾತಿಲ್ಲ. ಮಹಿಳೆಯರ ಮತ್ತು ಪುರುಷರ ಆದಾಯವನ್ನು, ಅಥವಾ ನಗರದ ಮತ್ತು ಹಳ್ಳಿಯ ಆದಾಯವನ್ನು ಎದುರುಬದುರಾಗಿ ಇಟ್ಟಾಗ ಡಿಸ್ಪ್ಯಾರಿಟಿ ಎನ್ನುವುದು ಸೂಕ್ತ. ಡಿಸ್ಕ್ರೆಪೆನ್ಸಿ ಎಂಬುದು ತಾಳೆಯಾಗಬೇಕಾದ ಎರಡು ಲೆಕ್ಕಗಳು ಅಥವಾ ಹೇಳಿಕೆಗಳು ತಾಳೆಯಾಗದಿರುವುದು. ಅಲ್ಲಿ ಎಲ್ಲೋ ತಪ್ಪೋ ಸುಳ್ಳೋ ಇದೆ ಎಂಬ ಅನುಮಾನವಿದೆ. ಇನ್‌ಎಕ್ವಿಟಿ ನೇರವಾಗಿ ಅನ್ಯಾಯದ ಮಾತು. ಅದರ ಲ್ಯಾಟಿನ್ ಬೇರಿನಿಂದಲೇ ಪಾಪ, ದುಷ್ಟತನ ಎಂಬರ್ಥದ ಇನಿಕ್ವಿಟಿ ಕೂಡ ಬಂದಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಅದರ ಖಾರ ಮರೆಯುವುದಿಲ್ಲ.

ಡಿಸ್ಪ್ಯಾರಿಟಿಯಲ್ಲಿ ಅನ್ಯಾಯದ ಅರ್ಥ ಕಡ್ಡಾಯವಲ್ಲ ಎಂಬುದಕ್ಕೆ ವಿಜ್ಞಾನದ ಬಳಕೆಗಳೇ ಸಾಕ್ಷಿ. ನಮ್ಮ ಎರಡು ಕಣ್ಣುಗಳು ಸುಮಾರು ಆರು ಸೆಂಟಿಮೀಟರಿನಷ್ಟು ದೂರದಲ್ಲಿರುವುದರಿಂದ ಒಂದೇ ವಸ್ತುವಿನ ಬಿಂಬ ಎರಡೂ ಅಕ್ಷಿಪಟಗಳ ಮೇಲೆ ಸ್ವಲ್ಪ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ಈ ಸಣ್ಣ ಅಂತರಕ್ಕೆ ಬೈನಾಕ್ಯುಲರ್ ಡಿಸ್ಪ್ಯಾರಿಟಿ ಎಂದು ಹೆಸರು. ಮಿದುಳು ಅದರಿಂದ ಆಳವನ್ನು ಗ್ರಹಿಸುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಎರಡು ಕಣ್ಣುಗಳಿಗೆ ಬೇರೆ ಬೇರೆ ಚಿತ್ರ ತೋರಿಸುವ, ತಾನೇ ರೂಪಿಸಿದ ಸ್ಟೀರಿಯೊಸ್ಕೋಪ್ ಎಂಬ ಉಪಕರಣದ ನೆರವಿನಿಂದ ತೋರಿಸಿದ. ಇಲ್ಲಿ ಡಿಸ್ಪ್ಯಾರಿಟಿ ಇಲ್ಲದಿದ್ದರೇ ನಷ್ಟ. ಪಳೆಯುಳಿಕೆ ವಿಜ್ಞಾನಿಗಳು ಪ್ರಭೇದಗಳ ಸಂಖ್ಯೆಗೆ ಡೈವರ್ಸಿಟಿ ಎಂದೂ, ದೇಹರಚನೆಗಳು ಒಂದಕ್ಕೊಂದು ಎಷ್ಟು ದೂರ ಹೋಗಿವೆ ಎಂಬುದಕ್ಕೆ ಡಿಸ್ಪ್ಯಾರಿಟಿ ಎಂದೂ ಬೇರೆ ಬೇರೆ ಹೆಸರಿಡುತ್ತಾರೆ. ದುಂಬಿ ಜಾತಿಯ ಕೀಟಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿದ್ದರೂ ಅವೆಲ್ಲದರ ದೇಹದ ಮೂಲ ವಿನ್ಯಾಸ ಒಂದೇ. ಅಂದರೆ ಡೈವರ್ಸಿಟಿ ಅಪಾರವಾಗಿದ್ದರೂ ಮೂಲ ವಿನ್ಯಾಸದ ಮಟ್ಟದಲ್ಲಿ ಡಿಸ್ಪ್ಯಾರಿಟಿ ಕಡಿಮೆ.

ಸಮಾಜದ ವಿಷಯಕ್ಕೆ ಬಂದಾಗ ಪದ ಇಷ್ಟು ತಟಸ್ಥವಾಗಿ ಉಳಿಯುವುದಿಲ್ಲ, ಮತ್ತು ಚರ್ಚೆಯ ತಿರುಳು ಇರುವುದೂ ಇಲ್ಲಿಯೇ. ಸಾರ್ವಜನಿಕ ಆರೋಗ್ಯದ ಕ್ಷೇತ್ರದಲ್ಲಿ ಒಂದೇ ಬಗೆಯ ಅಂತರಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರು ನೆಲೆಯೂರಿತು. ಬ್ರಿಟನ್ನಿನಲ್ಲಿ 1980ರಲ್ಲಿ ಸರ್ ಡಗ್ಲಸ್ ಬ್ಲ್ಯಾಕ್ ಅಧ್ಯಕ್ಷತೆಯ ತಂಡ ವರ್ಗಗಳ ನಡುವಿನ ಸಾವಿನ ಪ್ರಮಾಣದ ಅಂತರವನ್ನು ತೋರಿಸಿದ ವರದಿ ಇನ್‌ಈಕ್ವಾಲಿಟಿ ಎಂಬ ಪದವನ್ನು ಹಿಡಿಯಿತು. ಅಮೆರಿಕದಲ್ಲಿ 1985ರಲ್ಲಿ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ಬಿಡುಗಡೆ ಮಾಡಿದ, ಕರಿಯರ ಮತ್ತು ಅಲ್ಪಸಂಖ್ಯಾತರ ಆರೋಗ್ಯ ಕುರಿತ ವರದಿ ಡಿಸ್ಪ್ಯಾರಿಟಿಯನ್ನು ಮುಂದಕ್ಕೆ ತಂದಿತು; 2000ದ ಕಾನೂನಿನ ಹೆಸರಿನಲ್ಲೂ, 2010ರಲ್ಲಿ ಪೂರ್ಣ ಪ್ರಮಾಣದ ರಾಷ್ಟ್ರೀಯ ಸಂಸ್ಥೆಯಾದ ಸಂಶೋಧನಾ ಕೇಂದ್ರದ ಹೆಸರಿನಲ್ಲೂ ಅದೇ ಪದ ಕುಳಿತಿತು. ಪದದ ಆಯ್ಕೆ ಎಷ್ಟು ರಾಜಕೀಯವಾದದ್ದು ಎಂಬುದಕ್ಕೆ ಬ್ರಿಟನ್ನಿನದೇ ಇನ್ನೊಂದು ನಿದರ್ಶನವಿದೆ: 1995ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಇದೇ ವಿಷಯದ ಮೇಲೆ ವರದಿ ತಂದಾಗ ಇನ್‌ಈಕ್ವಾಲಿಟಿಯನ್ನು ಬದಿಗಿರಿಸಿ, ಏರಿಳಿತ ಎಂಬಷ್ಟೇ ಅರ್ಥ ಕೊಡುವ ವೇರಿಯೇಷನ್ ಎಂಬ ಪದವನ್ನು ಶೀರ್ಷಿಕೆಗೆ ಆರಿಸಿಕೊಂಡಿತು.

ಈ ಗೊಂದಲವನ್ನು ಬಿಡಿಸಲು 1990ರ ಸುಮಾರಿಗೆ ಮಾರ್ಗರೆಟ್ ವೈಟ್‌ಹೆಡ್ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿಗಾಗಿ ಬರೆದ ಪ್ರಬಂಧ ಇಂದಿಗೂ ಉಪಯುಕ್ತ. ಆರೋಗ್ಯದಲ್ಲಿ ಕಾಣುವ ಯಾವ ಅಂತರ ಅನಗತ್ಯವೂ ತಪ್ಪಿಸಬಹುದಾದದ್ದೂ ಆಗಿದ್ದು, ಅದರ ಮೇಲೆ ನ್ಯಾಯಸಮ್ಮತವಲ್ಲದ್ದೂ ಆಗಿರುತ್ತದೆಯೋ ಅದನ್ನು ಮಾತ್ರ ಇನ್‌ಎಕ್ವಿಟಿ ಎನ್ನಬೇಕು ಎಂಬುದು ಅವರ ವಾದ. ಎಂಬತ್ತರ ವಯಸ್ಸಿನವರಲ್ಲಿ ಇಪ್ಪತ್ತರ ವಯಸ್ಸಿನವರಿಗಿಂತ ಸಾವು ಹೆಚ್ಚು. ಅಂತರ ದೊಡ್ಡದು, ಅನ್ಯಾಯವೇನೂ ಇಲ್ಲ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರಿಗೆ ಶುದ್ಧ ನೀರು ಸಿಗದ ಕಾರಣಕ್ಕೆ ಸಾವು ಬೇಗ ಬಂದರೆ ಅಲ್ಲಿ ಮೂರೂ ಷರತ್ತುಗಳು ಪೂರೈಸಿದಂತೆ. ಡಿಸ್ಪ್ಯಾರಿಟಿ ಈ ಪರೀಕ್ಷೆಗೆ ಮೊದಲಿನ ಹಂತದ ಪದ. ಆದರೆ ಬಳಕೆ ನಿಂತ ನೀರಲ್ಲ: ಅಮೆರಿಕದ ಆರೋಗ್ಯ ಇಲಾಖೆ 2020ರ ಗುರಿಗಳಿಗಾಗಿ ಸಿದ್ಧಪಡಿಸಿದ ದಾಖಲೆಯಲ್ಲಿ ಹೆಲ್ತ್ ಡಿಸ್ಪ್ಯಾರಿಟಿ ಎಂದರೆ ಸಾಮಾಜಿಕ, ಆರ್ಥಿಕ ಅಥವಾ ಪರಿಸರದ ಅನನುಕೂಲತೆಯೊಂದಿಗೆ ನಿಕಟವಾಗಿ ತಳುಕು ಹಾಕಿಕೊಂಡ ಅಂತರ ಎಂದೇ ವ್ಯಾಖ್ಯಾನಿಸಲಾಯಿತು. ಅಂದರೆ ಆ ಕ್ಷೇತ್ರದ ಪರಿಭಾಷೆಯಾಗಿ ಪದ ಇನ್‌ಎಕ್ವಿಟಿಯ ಕಡೆಗೆ ಸ್ಪಷ್ಟವಾಗಿ ವಾಲಿದೆ. ಆರೋಗ್ಯದ ವರದಿಯನ್ನು ಓದುವಾಗ ಈ ವಾಲುವಿಕೆಯನ್ನು ಗಮನದಲ್ಲಿಡಬೇಕು. ಪದವನ್ನು ಎಲ್ಲ ಕಡೆಯೂ ಅದೇ ಅರ್ಥದಲ್ಲಿ ಓದಬಾರದು.

ಕಾನೂನು ಹೆಚ್ಚು ಹುಷಾರಾಗಿದೆ. ಅಮೆರಿಕದ 1984ರ ಶಿಕ್ಷಾ ಸುಧಾರಣಾ ಕಾಯಿದೆ, ಒಂದೇ ಬಗೆಯ ಅಪರಾಧ ಮಾಡಿದ, ಒಂದೇ ಬಗೆಯ ಹಿನ್ನೆಲೆಯ ಅಪರಾಧಿಗಳಿಗೆ ಸಿಗುವ ಶಿಕ್ಷೆಯಲ್ಲಿನ ಡಿಸ್ಪ್ಯಾರಿಟಿಯನ್ನು ತಪ್ಪಿಸಬೇಕು ಎಂದಿತು, ಆದರೆ ಆ ಪದದ ಹಿಂದೆ ಅನ್‌ವಾರಂಟೆಡ್, ಅಂದರೆ ತಕ್ಕ ಕಾರಣವಿಲ್ಲದ, ಎಂಬ ವಿಶೇಷಣವನ್ನು ಜೋಡಿಸಿತು. ಡಿಸ್ಪ್ಯಾರಿಟಿ ಎಂದರೇ ಅನ್ಯಾಯ ಎಂದಾಗಿದ್ದರೆ ಈ ವಿಶೇಷಣದ ಅಗತ್ಯವೇ ಇರುತ್ತಿರಲಿಲ್ಲ. ಸಕಾರಣವಾದ ಡಿಸ್ಪ್ಯಾರಿಟಿಯೂ ಇರಬಹುದು ಎಂದು ಕಾನೂನು ಒಪ್ಪಿಕೊಂಡಿದೆ. ಎರಡೇ ವರ್ಷದಲ್ಲಿ ಅದೇ ದೇಶದ ಶಾಸಕಾಂಗ ಈ ಪದಕ್ಕೆ ಅತ್ಯಂತ ಪ್ರಸಿದ್ಧವಾದ ಉದಾಹರಣೆಯನ್ನು ತಾನೇ ಒದಗಿಸಿತು. 1986ರ ಮಾದಕ ವಸ್ತು ಕಾಯಿದೆಯ ಪ್ರಕಾರ 500 ಗ್ರಾಂ ಪುಡಿ ಕೊಕೇನ್‌ಗೆ ಎಷ್ಟು ಕನಿಷ್ಠ ಶಿಕ್ಷೆಯೋ, ಅಂದರೆ ಐದು ವರ್ಷವೋ, ಅಷ್ಟೇ ಶಿಕ್ಷೆ ಕೇವಲ 5 ಗ್ರಾಂ ಕ್ರ್ಯಾಕ್ ಕೊಕೇನ್‌ಗೂ ಸಿಗುತ್ತಿತ್ತು. ಎರಡೂ ಒಂದೇ ಮಾದಕ ವಸ್ತುವಿನ ಎರಡು ರೂಪಗಳು. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಬಹುಪಾಲು ಕರಿಯರಾಗಿದ್ದರು. ನೂರಕ್ಕೆ ಒಂದರ ಈ ಡಿಸ್ಪ್ಯಾರಿಟಿಯನ್ನು 2010ರ ಕಾಯಿದೆ ಕ್ರ್ಯಾಕ್‌ನ ಮಿತಿಯನ್ನು 28 ಗ್ರಾಂಗೆ ಏರಿಸಿ ಹದಿನೆಂಟಕ್ಕೆ ಒಂದಕ್ಕೆ ಇಳಿಸಿತು. ಕಾಯಿದೆಯ ಪಠ್ಯದಲ್ಲಿ ಜನಾಂಗದ ಹೆಸರು ಎಲ್ಲಿಯೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಉದ್ದೇಶವನ್ನು ಸಾಬೀತು ಮಾಡಲಾಗದ, ಆದರೆ ಪರಿಣಾಮವನ್ನು ಗ್ರಾಂ ಲೆಕ್ಕದಲ್ಲಿ ತೋರಿಸಬಹುದಾದ ಇಂಥ ಕಡೆಯೇ ಡಿಸ್ಪ್ಯಾರಿಟಿ ಎಂಬ ಪದ ತನ್ನ ನಿಜವಾದ ಕೆಲಸ ಮಾಡುತ್ತದೆ.

ಉದ್ದೇಶ ಮತ್ತು ಪರಿಣಾಮದ ಈ ಭೇದವನ್ನೇ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ರಿಗ್ಸ್ ಮತ್ತು ಡ್ಯೂಕ್ ಪವರ್ ಕಂಪನಿ ನಡುವಿನ ಮೊಕದ್ದಮೆಯಲ್ಲಿ ಎದುರಿಸಿತು. ಕಂಪನಿಯ ಕೆಲಸಗಳಿಗೆ ಪ್ರೌಢಶಾಲೆಯ ಪ್ರಮಾಣಪತ್ರ ಮತ್ತು ಲಿಖಿತ ಪರೀಕ್ಷೆಗಳನ್ನು ಎಲ್ಲರಿಗೂ ಸಮಾನವಾಗಿ ಕಡ್ಡಾಯ ಮಾಡಲಾಗಿತ್ತು, ಆದರೆ ಅದರಿಂದ ಹೊರಗುಳಿದವರಲ್ಲಿ ಕರಿಯರ ಪ್ರಮಾಣ ತೀರಾ ಹೆಚ್ಚಾಗಿತ್ತು. ಕೆಲಸದ ಸಾಮರ್ಥ್ಯಕ್ಕೆ ಸಂಬಂಧವಿಲ್ಲದ ಇಂಥ ಷರತ್ತು, ಭೇದಭಾವದ ಉದ್ದೇಶ ಇಲ್ಲದಿದ್ದರೂ, 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ವಿರುದ್ಧ ಎಂದು ನ್ಯಾಯಾಲಯ ಸರ್ವಾನುಮತದಿಂದ ತೀರ್ಪಿತ್ತಿತು. ಈ ತತ್ತ್ವಕ್ಕೆ ಡಿಸ್ಪರೆಟ್ ಇಂಪ್ಯಾಕ್ಟ್ ಎಂಬ ಹೆಸರು ನಿಂತಿದ್ದು, ಮೇಲೆ ಹೇಳಿದ ಬಲೆ ಇಲ್ಲಿ ಸಡಿಲವಾಗುತ್ತದೆ: ಈ ಒಂದು ಪದಗುಚ್ಛದಲ್ಲಿ ಡಿಸ್ಪರೆಟ್ ಎಂದರೆ ಅಸಮ ಎಂದೇ ಅರ್ಥ. ಇಲ್ಲಿಯೂ ಅಂತರ ಕಂಡ ಮಾತ್ರಕ್ಕೆ ಮೊಕದ್ದಮೆ ಗೆದ್ದಂತಾಗುವುದಿಲ್ಲ. ಆ ಷರತ್ತು ಕೆಲಸಕ್ಕೆ ನಿಜವಾಗಿ ಅಗತ್ಯ ಎಂದು ತೋರಿಸುವ ಅವಕಾಶ ಉದ್ಯೋಗದಾತರಿಗೆ ಇರುತ್ತದೆ. ಬ್ರಿಟನ್ನಿನ ಸರ್ಕಾರ 2017ರಲ್ಲಿ ಜನಾಂಗೀಯ ಡಿಸ್ಪ್ಯಾರಿಟಿಗಳ ಅಂಕಿಅಂಶವನ್ನು ಪ್ರಕಟಿಸಿದಾಗ ಸಾರ್ವಜನಿಕ ಸಂಸ್ಥೆಗಳ ಮುಂದೆ ಇಟ್ಟ ಸೂತ್ರವೂ ಇದೇ ಜಾಡಿನದು: ಅಂತರಕ್ಕೆ ವಿವರಣೆ ಕೊಡಿ, ಕೊಡಲಾಗದಿದ್ದರೆ ಬದಲಾಯಿಸಿ. ಡಿಸ್ಪ್ಯಾರಿಟಿ ಎಂಬ ಪದಕ್ಕೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಸರಿಯಾದ ವ್ಯಾಖ್ಯಾನ ನಿಘಂಟುಗಳಲ್ಲಿಯೂ ಸಿಗಲಾರದು ಎಂದು ನನಗೆ ತೋರುತ್ತದೆ.

ಅಳತೆಯ ಪದವಾದ್ದರಿಂದ ಅಳೆಯುವ ಬಗೆಯೂ ಅರ್ಥದ ಭಾಗವೇ. ಎರಡು ಗುಂಪುಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 10 ಮತ್ತು 20 ಸಾವುಗಳಾಗುತ್ತಿದ್ದವು ಎಂದಿಟ್ಟುಕೊಳ್ಳೋಣ. ಕೆಲವು ವರ್ಷಗಳ ನಂತರ ಅವು 5 ಮತ್ತು 12ಕ್ಕೆ ಇಳಿದವು. ಕಳೆದು ನೋಡಿದರೆ ಅಂತರ 10ರಿಂದ 7ಕ್ಕೆ ಇಳಿದಿದೆ. ಭಾಗಿಸಿ ನೋಡಿದರೆ ಅನುಪಾತ 2ರಿಂದ 2.4ಕ್ಕೆ ಏರಿದೆ. ಸಾವಿನ ಬದಲು ಬದುಕುಳಿದವರನ್ನು ಎಣಿಸಿ ಭಾಗಿಸಿದರೆ, ಅಂದರೆ 990ಕ್ಕೆ 980 ಇದ್ದದ್ದು 995ಕ್ಕೆ 988 ಆಗಿರುವುದನ್ನು ನೋಡಿದರೆ, ಎರಡು ಗುಂಪುಗಳು ಮೊದಲಿಗಿಂತ ಹತ್ತಿರ ಬಂದಂತೆ ಕಾಣುತ್ತದೆ. ಡಿಸ್ಪ್ಯಾರಿಟಿ ಹೆಚ್ಚಿದೆ ಎಂಬ ತಲೆಬರಹವೂ ಕಡಿಮೆಯಾಗಿದೆ ಎಂಬ ತಲೆಬರಹವೂ ಒಂದೇ ಅಂಕಿಗಳಿಂದ ಪ್ರಾಮಾಣಿಕವಾಗಿಯೇ ಹುಟ್ಟಬಹುದು. ಹಾಗಾಗಿ ಕಳೆಯುವ ಲೆಕ್ಕವೋ ಭಾಗಿಸುವ ಲೆಕ್ಕವೋ ಎಂಬುದನ್ನು ಹೇಳದ ವರದಿ ಅರ್ಧ ಮಾತನ್ನಷ್ಟೇ ಹೇಳಿದಂತೆ. ಶಿಕ್ಷಣದಲ್ಲಿ ಯುನೆಸ್ಕೊ ಬಳಸುವ ಲಿಂಗ ಸಮತಾ ಸೂಚ್ಯಂಕ ಭಾಗಿಸುವ ಬಗೆಯದು: ಹುಡುಗಿಯರ ಅಂಕಿಯನ್ನು ಹುಡುಗರ ಅಂಕಿಯಿಂದ ಭಾಗಿಸಿದಾಗ 0.97ರಿಂದ 1.03ರೊಳಗೆ ಬಂದರೆ ಸಮತೆ, ಆಚೀಚೆ ಹೋದರೆ ಡಿಸ್ಪ್ಯಾರಿಟಿ. ಸೂಚ್ಯಂಕ 1.03ನ್ನು ದಾಟಿದರೆ ಹಿಂದುಳಿದವರು ಹುಡುಗರು ಎಂದಾಗುತ್ತದೆ, ಅಂದರೆ ಡಿಸ್ಪ್ಯಾರಿಟಿಗೆ ನಿಶ್ಚಿತವಾದ ದಿಕ್ಕಿಲ್ಲ.

ಗುಂಪನ್ನು ಹೇಗೆ ವಿಂಗಡಿಸುತ್ತೇವೆ ಎಂಬುದರ ಮೇಲೆಯೂ ಅಂತರ ಬದಲಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ 1973ರ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ. 44 ಮಂದಿಗೂ ಮಹಿಳೆಯರಲ್ಲಿ ಸುಮಾರು ಶೇ. 35 ಮಂದಿಗೂ ಪ್ರವೇಶ ಸಿಕ್ಕಿತ್ತು. ಬಿಕೆಲ್, ಹ್ಯಾಮೆಲ್ ಮತ್ತು ಓಕಾನೆಲ್ ಎಂಬ ಮೂವರು ಸಂಶೋಧಕರು 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ವಿಭಾಗವಾರು ಬಿಡಿಸಿ ತೋರಿಸಿದಾಗ ಮಹಿಳೆಯರ ವಿರುದ್ಧದ ಅಂತರ ಕರಗಿಹೋಯಿತು. ವಿಭಾಗಗಳ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ ಮಹಿಳೆಯರ ಪರವಾಗಿಯೇ ಸಣ್ಣದೊಂದು ಒಲವು ಕಂಡಿತು. ಯಾರನ್ನೂ ಸುಲಭವಾಗಿ ಸೇರಿಸಿಕೊಳ್ಳದ ವಿಭಾಗಗಳಿಗೆ ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದೇ ಒಟ್ಟು ಲೆಕ್ಕದ ಅಂತರಕ್ಕೆ ಕಾರಣವಾಗಿತ್ತು. ಈ ಉದಾಹರಣೆಯನ್ನು ಹಲವರು ಅರ್ಧಕ್ಕೇ ನಿಲ್ಲಿಸಿ, ಹಾಗಾದರೆ ಸಮಸ್ಯೆಯೇ ಇರಲಿಲ್ಲ ಎಂದುಬಿಡುತ್ತಾರೆ. ಸಂಶೋಧಕರು ಹೇಳಿದ್ದು ಅದನ್ನಲ್ಲ. ಮಹಿಳೆಯರು ಆ ವಿಭಾಗಗಳತ್ತಲೇ ಸಾಗುವಂತೆ ಮಾಡಿದ ಕಾರಣಗಳು ಅದಕ್ಕೂ ಹಿಂದಿನ ಶಿಕ್ಷಣದಲ್ಲಿ ಮತ್ತು ಬೆಳೆಸುವ ರೀತಿಯಲ್ಲಿ ಇವೆ ಎಂದು ಅವರು ಗುರುತಿಸಿದ್ದರು. ಒಟ್ಟು ಲೆಕ್ಕದ ಡಿಸ್ಪ್ಯಾರಿಟಿ ನಿಜವೇ ಆಗಿತ್ತು. ಡಿಸ್ಕ್ರಿಮಿನೇಷನ್‌ನ ಆರೋಪವನ್ನು ಪ್ರವೇಶ ಸಮಿತಿಗಳ ಮೇಲೆ ಹೊರಿಸಲು ಮಾತ್ರ ಆ ಅಂಕಿಗಳು ಸಾಲುತ್ತಿರಲಿಲ್ಲ.

ಹೀಗಿರುವಾಗ ಕನ್ನಡದಲ್ಲಿ ಇದನ್ನು ಹೇಗೆ ಹೇಳಬೇಕು? ಇನ್‌ಕಮ್ ಡಿಸ್ಪ್ಯಾರಿಟಿಗೆ ಆದಾಯದ ಅಂತರ, ರೀಜನಲ್ ಡಿಸ್ಪ್ಯಾರಿಟಿಗೆ ಪ್ರಾದೇಶಿಕ ಅಸಮಾನತೆ ಎಂದರೆ ಸಾಕು. ಕಣ್ಣಿಗೆ ರಾಚುವಷ್ಟು ದೊಡ್ಡದಾದಾಗ ಅಜಗಜಾಂತರ ಎಂಬ ಪದ ನಮ್ಮಲ್ಲಿ ಸಿದ್ಧವಾಗಿಯೇ ಇದೆ, ಸರ್ಕಾರಿ ವರದಿಯ ಅನುವಾದಕ್ಕೆ ಅದು ಸ್ವಲ್ಪ ಬಣ್ಣ ಹೆಚ್ಚಾಯಿತು ಎನ್ನಬಹುದಾದರೂ. ತಾರತಮ್ಯದ ವಿಷಯ ತುಸು ತೊಡಕಿನದು. ಸಂಸ್ಕೃತದ ತರ ಮತ್ತು ತಮ ಎಂಬ ಹೋಲಿಕೆಯ ಪ್ರತ್ಯಯಗಳಿಂದ ಹುಟ್ಟಿದ ಆ ಪದ ಮೊದಲಿಗೆ ಹೆಚ್ಚುಕಡಿಮೆಗಳ ಶ್ರೇಣಿಯನ್ನಷ್ಟೇ ಸೂಚಿಸುತ್ತಿತ್ತು. ದ್ವೈತ ಸಿದ್ಧಾಂತದಲ್ಲಿ ಜೀವರ ತಾರತಮ್ಯ ಎಂದಾಗಲೂ, ಒಬ್ಬರಿಗೆ ತಾರತಮ್ಯ ಜ್ಞಾನವಿದೆ ಎಂದು ಹೊಗಳುವಾಗಲೂ ಇರುವುದು ಆ ಹಳೆಯ ಅರ್ಥವೇ. ಆ ದೃಷ್ಟಿಯಿಂದ ಡಿಸ್ಪ್ಯಾರಿಟಿಗೆ ಅದು ಒಂದು ಕಾಲದಲ್ಲಿ ಒಳ್ಳೆಯ ಜೋಡಿಯಾಗುತ್ತಿತ್ತು. ಇಂದಿನ ಪತ್ರಿಕೆಗಳ ಕನ್ನಡದಲ್ಲಿ ಮಾತ್ರ ತಾರತಮ್ಯ ಎಂದರೆ ಭೇದಭಾವ ಮಾಡುವುದು ಎಂದೇ ಓದುಗರು ಗ್ರಹಿಸುತ್ತಾರೆ, ಲಿಂಗ ತಾರತಮ್ಯ ಮತ್ತು ಜಾತಿ ತಾರತಮ್ಯ ಎಂಬ ಬಳಕೆಗಳು ಆ ಅರ್ಥವನ್ನು ಗಟ್ಟಿ ಮಾಡಿವೆ. ಆದ್ದರಿಂದ ಅದನ್ನು ಡಿಸ್ಕ್ರಿಮಿನೇಷನ್‌ಗೆ ಬಿಟ್ಟುಕೊಟ್ಟು, ಡಿಸ್ಪ್ಯಾರಿಟಿಗೆ ಅಂತರ ಅಥವಾ ಅಸಮಾನತೆ ಎಂಬುದನ್ನು ಉಳಿಸಿಕೊಳ್ಳುವುದು ಲೇಸು. ಇನ್‌ಎಕ್ವಿಟಿಗೆ ಅನ್ಯಾಯದ ಅಸಮಾನತೆ ಎಂದು ಬಿಡಿಸಿ ಹೇಳಬಹುದು. ಅನ್‌ವಾರಂಟೆಡ್ ಡಿಸ್ಪ್ಯಾರಿಟಿಯಂಥ ಕಾನೂನಿನ ಪದಗುಚ್ಛವನ್ನು ಸಕಾರಣವಲ್ಲದ ಅಂತರ ಎಂದು ಬರೆದರೆ ಮೂಲದ ಎರಡೂ ಪದಗಳ ಕೆಲಸ ಕನ್ನಡದಲ್ಲಿಯೂ ನಡೆಯುತ್ತದೆ; ಅದನ್ನೇ ಅಕಾರಣ ತಾರತಮ್ಯ ಎಂದರೆ, ಕಾರಣವಿರುವ ತಾರತಮ್ಯವನ್ನು ಕಾಯಿದೆ ಒಪ್ಪುತ್ತದೆಯೇ ಎಂಬ ವಿಚಿತ್ರ ಪ್ರಶ್ನೆ ಓದುಗರ ಮುಂದೆ ನಿಲ್ಲುತ್ತದೆ.